ಕೊನೆಯ ಗದ್ದೆಯ ದೀಪ

ವಿಜ್ಞಾನ ಕೇಂದ್ರಗಳಲ್ಲಿ ಮುಟ್ಟಿ ಆಡುವ ಮಾದರಿಗಳನ್ನು ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕಾರು ಹುಡುಗ ಹುಡುಗಿಯರು ಮೊನ್ನೆ ನನ್ನನ್ನು ನೋಡಲು ಮಂಡ್ಯದ ಮನೆಗೆ ಬಂದಿದ್ದರು. ಯಾರೋ ನನ್ನ ಹೆಸರು ಹೇಳಿದ್ದರಂತೆ. ಅವರಲ್ಲೊಬ್ಬಳು ಫೋನು ತೆಗೆದು ತಾನು ಮಾಡಿದ ಆಟವೊಂದನ್ನು ತೋರಿಸಿ, "ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಅಲ್ವಾ ತಾತ?" ಎಂದಳು. ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಇರಲಿಲ್ಲವಂತೆ. ಎಪ್ಪತ್ತರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಊರೂರು ಸುತ್ತಿ ಜನರಿಗೆ ಬಲ್ಬಿನ ಆಟ ಆಡಿಸಿದವನು ನಾನು. ಆ ಹುಡುಗಿಗೆ ಬಾಯಲ್ಲಿ ಹೇಳಿದ್ದು ಅರ್ಧಂಬರ್ಧ, ಅದಕ್ಕೇ ಬರೆದಿಡುತ್ತಿದ್ದೇನೆ. ಎಷ್ಟು ವರ್ಷಕ್ಕೆ ಏನು ಬಡ್ತಿ ಬಂತು ಎನ್ನುವ ಪುರಾಣ ಇಲ್ಲಿ ಇಲ್ಲ. ಅದನ್ನು ಕೇಳಿ ಯಾರಿಗೂ ಏನೂ ಆಗಬೇಕಾಗಿಲ್ಲ.

ರೈತರಿಗೆ ತಿಳಿವಳಿಕೆ ಕೊಡುವ ಒಂದು ಪ್ರದರ್ಶನ ಘಟಕದಲ್ಲಿ ನಾನು ಎಲೆಕ್ಟ್ರಿಷಿಯನ್. ಘಟಕ ಎಂದರೆ ಒಂದು ವ್ಯಾನು, ಒಂದು ಶಾಮಿಯಾನ, ಮೈಕು, ಕೋಲಿಗೆ ಸುತ್ತಿದ ಚಾರ್ಟುಗಳು, ಡ್ರೈವರ್ ಪುಟ್ಟಸ್ವಾಮಿ ಮತ್ತು ನಾನು. ನಮ್ಮಪ್ಪ ಮಂಡ್ಯದ ಹಳೆಯ ಬೀದಿಯೊಂದರ ದೇವಸ್ಥಾನದಲ್ಲಿ ಅರ್ಚಕರು. ಹಾಗಾಗಿ ಪುಟ್ಟಸ್ವಾಮಿ ನನ್ನನ್ನು ಕೊನೆಯವರೆಗೂ 'ಅಯ್ನೋರೆ' ಎಂದೇ ಕರೆದ, ನಾನು ಗ್ರೀಸು ಮೆತ್ತಿದ ಕೈಯಲ್ಲಿ ಬೋಂಡ ತಿನ್ನುತ್ತಿದ್ದರೂ ಸಹ.

ಚಾರ್ಟುಗಳ ಕಥೆ ಕೇಳಿ. ಬತ್ತದ ರೋಗ, ಕಬ್ಬಿನ ಗೊಬ್ಬರ, ಎಲ್ಲವನ್ನೂ ಬಣ್ಣಬಣ್ಣವಾಗಿ ಬರೆದು ತೂಗುಹಾಕುತ್ತಿದ್ದೆವು. ಕೆಳಗೆ 'ಮುಟ್ಟಬಾರದು' ಎಂಬ ಬೋರ್ಡು. ಜನ ಬಂದು ಒಂದು ಸುತ್ತು ಹಾಕಿ, ಶಾಮಿಯಾನದ ನೆರಳಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು ಹೊರಡುತ್ತಿದ್ದರು. ಮುಟ್ಟಬಾರದು ಎಂದಿದ್ದನ್ನು ಮಾತ್ರ ತಪ್ಪದೆ ಮುಟ್ಟುತ್ತಿದ್ದರು. ಎರಡು ವರ್ಷ ಇದನ್ನು ನೋಡಿದ ಮೇಲೆ ನನಗೆ ಅನ್ನಿಸಿತು, ಇವರು ಮುಟ್ಟುವುದೇ ಆದರೆ ಮುಟ್ಟಿದ್ದಕ್ಕೆ ಏನಾದರೂ ಆಗುವಂತೆ ಮಾಡೋಣ.

ಟೀ ಪೆಟ್ಟಿಗೆಯ ಪ್ಲೈವುಡ್ಡಿನ ಮೇಲೆ ಎಡಗಡೆ ರೋಗಗಳ ಚಿತ್ರ, ಬಲಗಡೆ ಔಷಧಿಗಳ ಚಿತ್ರ ಅಂಟಿಸಿದೆ. ಒಂದೊಂದರ ಪಕ್ಕಕ್ಕೂ ಒಂದು ಹಿತ್ತಾಳೆ ಮೊಳೆ. ಎರಡು ತಂತಿಗಳ ತುದಿಯನ್ನು ಸರಿಯಾದ ರೋಗಕ್ಕೂ ಸರಿಯಾದ ಔಷಧಿಗೂ ಮುಟ್ಟಿಸಿದರೆ ಮೇಲೆ ಟಾರ್ಚಿನ ಬಲ್ಬು ಹತ್ತುತ್ತಿತ್ತು. ಇವತ್ತು ಇದನ್ನು ಮಕ್ಕಳೂ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ಅಂದು ದುದ್ದದಲ್ಲಿ ಮೊದಲ ಬಾರಿ ಅದನ್ನು ನಿಲ್ಲಿಸಿದಾಗ ಹತ್ತಿರ ಬರಲು ಜನ ಹೆದರಿದರು. ಚಪ್ಪಲಿ ಕಳಚಿ ದೂರ ನಿಂತರು. ಒಬ್ಬ ಅಜ್ಜಿ, "ಕರೆಂಟು ವಡಿಯಾಕಿಲ್ವಾ ಮೇಷ್ಟ್ರೆ?" ಎಂದು ಕೇಳಿದರು.

"ಇಲ್ಲಜ್ಜಿ, ಬರೀ ಟಾರ್ಚಿನ ಸೆಲ್ಲು."

"ಅಂಗಾದ್ರೆ ನೀನೇ ಮೊದ್ಲು ನಾಲ್ಗೆ ಮಡಗಿ ತೋರ್ಸು."

ತೋರಿಸಿದೆ. ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು ತಂತಿ ಹಿಡಿದರು. ಬಲ್ಬು ಹತ್ತಿತು. ಅಜ್ಜಿ ಆ ಕೈಯನ್ನು ಹಾಗೇ ಕಣ್ಣಿಗೊತ್ತಿಕೊಂಡು, "ಇನ್ನೊಂದ್ಸಲ ಮಾಡ್ಲಾ?" ಎಂದರು. ಅಂದಿನಿಂದ ನಾನು ಮೂರು ತಾಲ್ಲೂಕಿಗೂ ಬಲ್ಬಿನ ಮೇಷ್ಟ್ರು.

ಅದೇ ದುದ್ದದಲ್ಲಿ ಎರಡನೆಯ ದಿನ ನನ್ನ ಮೂಗಿಗೆ ಸರಿಯಾಗಿ ಗುದ್ದು ಬಿತ್ತು. ಬೋರ್ಡಿನ ಮುಂದೆ ನೂಕುನುಗ್ಗಲು, ಒಬ್ಬರೂ ತಪ್ಪು ಮಾಡುತ್ತಿಲ್ಲ. ಆಹಾ, ಇಡೀ ಊರು ಒಂದೇ ದಿನದಲ್ಲಿ ಪಂಡಿತರ ಊರಾಯಿತು ಎಂದು ಹಿಗ್ಗಿದೆ. ಆಮೇಲೆ ಕಿವಿಗೊಟ್ಟು ಕೇಳಿದರೆ ಹಿಂದಿನವನು ಮುಂದಿನವನಿಗೆ ಹೇಳಿಕೊಡುತ್ತಿದ್ದಾನೆ: "ಮ್ಯಾಲಿಂದ ಮೂರ್ನೇದುಕ್ಕೆ ಕೆಳುಗ್ಲಿಂದ ಎರಡ್ನೇದು ಕಣ್ಲಾ, ಚಿತ್ರ ಯಾಕ್ ನೋಡೀಯೆ." ಚಿತ್ರವನ್ನು ಯಾರೂ ನೋಡಿಯೇ ಇರಲಿಲ್ಲ, ಮೊಳೆಗಳನ್ನು ಬಾಯಿಪಾಠ ಮಾಡಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ವ್ಯಾನಿನಲ್ಲಿ ಕೂತು ಹಿಂಬದಿಯ ತಂತಿಗಳನ್ನೆಲ್ಲ ಒಂದು ತಗಡಿನ ತಿರುಗಣಿಗೆ ಕಟ್ಟಿದೆ. ಅದನ್ನು ಸ್ವಲ್ಪ ತಿರುಗಿಸಿ ಚಿತ್ರಗಳನ್ನು ಅದಕ್ಕೆ ತಕ್ಕಂತೆ ಬದಲಿಸಿದರೆ ಹಳೆಯ ಪಾಠ ನಡೆಯುತ್ತಿರಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನ ಮೊದಲ ಮಾತು ಇದೇ: ನೀವು ಏನು ಕಲಿಸಬೇಕೆಂದಿದ್ದೀರೋ ಅದನ್ನು ಬಿಟ್ಟು ಗೆಲ್ಲುವ ದಾರಿಯೊಂದನ್ನು ಜನ ಹುಡುಕಿಯೇ ಹುಡುಕುತ್ತಾರೆ. ಬೈಯಬೇಡಿ. ಆ ದಾರಿ ಮುಚ್ಚಿ.

ಸೋಮನಹಳ್ಳಿಯಲ್ಲಿ ಒಮ್ಮೆ ಬೋರ್ಡು ನೋಡಿದ ಗ್ಯಾರೇಜಿನವನೊಬ್ಬ ಹಳೆಯ ಬಸ್ಸುಗಳ ಬಲ್ಬುಗಳನ್ನೂ ಒಂದು ಗೋಣಿಚೀಲದ ತುಂಬ ರಿಲೇಗಳನ್ನೂ ಕೊಟ್ಟ. ರಿಲೇ ಎಂದರೆ ಕರೆಂಟು ಸಾಕಷ್ಟು ಬಂದರೆ ಟಕ್ಕೆಂದು ಹಿಡಿದುಕೊಳ್ಳುವ, ಸಾಲದಿದ್ದರೆ ಸುಮ್ಮನಿರುವ ಪುಟ್ಟ ಕೊಂಡಿ. ಹಿಡಿದಿದೆ, ಇಲ್ಲವೇ ಬಿಟ್ಟಿದೆ, ನಡುವೆ ಮೂರನೆಯ ಮಾತಿಲ್ಲ. ನಿಮ್ಮ ಕಂಪ್ಯೂಟರಿನ ಹೊಟ್ಟೆಯೊಳಗಿರುವ ಒಂದು-ಸೊನ್ನೆ ಎಂಬುದೂ ಇದೇ. ನನ್ನ ಒಂದು-ಸೊನ್ನೆ ಟಕ್ ಎಂದು ಕೇಳಿಸುತ್ತಿತ್ತು, ನಿಮ್ಮದು ಕೇಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಆ ರಿಲೇಗಳಿಂದ ಕಟ್ಟಿದ್ದು ನೀರಿನ ಆಟ. ನಾಲೆಯ ನೀರಿನ ವಿಚಾರ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಲಿನ ಗದ್ದೆಯವರು ತೂಬು ಮುಚ್ಚದೆ ಕೂತರೆ ಕೊನೆಯ ಗದ್ದೆಯ ಪೈರು ಒಣಗುತ್ತದೆ. ಅದಕ್ಕೇ ಸರದಿ, ಅದಕ್ಕೇ ನೀರು ಹಂಚುವ ನೀರುಗಂಟಿ, ಅದಕ್ಕೇ ಜಗಳ. ಕೃಷಿ ಪ್ರಯೋಗ ನಡೆಸುವ ವಿ.ಸಿ. ಫಾರಂನಲ್ಲಿ ಒಂದು ಸಲ ಬೇರೆ ಕೆಲಸಕ್ಕೆ ಹೋದಾಗ, ಸರದಿಯಂತೆ ನೀರು ಕಟ್ಟಿದ ತಾಕನ್ನೂ ಸದಾ ನೀರು ನಿಲ್ಲಿಸಿದ ತಾಕನ್ನೂ ಅಕ್ಕಪಕ್ಕ ನೋಡಿದೆ. ಸರದಿಯ ಪೈರೇ ಚೆನ್ನಾಗಿತ್ತು. ಇದನ್ನು ಚಾರ್ಟಿನಲ್ಲಿ ಬರೆದರೆ ಯಾರು ನಂಬುತ್ತಾರೆ?

ಒಂದು ಬಾಗಿಲಿನಷ್ಟು ದೊಡ್ಡ ಹಲಗೆ. ಅದರ ಮೇಲೆ ನೀಲಿ ಬಣ್ಣದ ನಾಲೆ, ನಾಲೆಯ ಉದ್ದಕ್ಕೂ ನಾಲ್ಕು ಗದ್ದೆ. ಒಂದೊಂದು ಗದ್ದೆಗೂ ಒಂದು ಬಿಳಿ ಬಲ್ಬು, ಒಂದು ಹಸಿರು ಬಲ್ಬು, ತೂಬಿನ ಬದಲು ಬೆರಳಲ್ಲಿ ಒತ್ತಿ ಹಿಡಿಯುವ ಸ್ವಿಚ್ಚು. ಸ್ವಿಚ್ಚು ಅಂಗಡಿಯದಲ್ಲ, ಒಂದರ ಮೇಲೊಂದು ಕೂರುವ ಎರಡು ಹಿತ್ತಾಳೆ ಪಟ್ಟಿ. ನಾಲೆಯ ತಂತಿಯಲ್ಲಿ ಅಲ್ಲಲ್ಲಿ ಕರೆಂಟನ್ನು ತಡೆಯುವ ಕಾಯಿಲ್ ಒಲೆಯ ತಂತಿ ಸೇರಿಸಿದ್ದೆ. ಒಬ್ಬರೇ ಒತ್ತಿದರೆ ಅವರ ಬಿಳಿ ಬಲ್ಬು ಪೂರ್ತಿ ಉರಿಯುತ್ತದೆ, ರಿಲೇ ಹಿಡಿಯುತ್ತದೆ, ಹಸಿರು ಬಲ್ಬು ಹತ್ತುತ್ತದೆ, ಆಮೇಲೆ ಬೆರಳು ತೆಗೆದರೂ ಅದು ಆರುವುದಿಲ್ಲ. ಎಲ್ಲರೂ ಒಟ್ಟಿಗೆ ಒತ್ತಿದರೆ ಮೇಲಿನ ಗದ್ದೆಗೆ ಬೆಳಕು, ಕೊನೆಯ ಗದ್ದೆಯ ಬಲ್ಬು ಬೀಡಿ ತುದಿಯ ಹಾಗೆ ಮಿಣಮಿಣ. ಸುತ್ತ ನಿಂತವರು ಗಟ್ಟಿಯಾಗಿ ಐವತ್ತು ಎಣಿಸುವುದರೊಳಗೆ ನಾಲ್ಕೂ ಹಸಿರು ಹತ್ತಿದರೆ ಗಂಟೆ ಹೊಡೆಯುತ್ತಿತ್ತು. ಗೆದ್ದರೆ ನಾಲ್ವರೂ ಗೆದ್ದ ಹಾಗೆ, ಸೋತರೆ ನಾಲ್ವರೂ ಸೋತ ಹಾಗೆ.

ಅಪ್ಪನನ್ನು ನಮ್ಮ ಘಟಕದ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಗಂಟೆಯ ಸದ್ದು ಕೇಳಿ ನಕ್ಕು, "ಅಂತೂ ಮನೆತನದ ಕಸುಬು ಬಿಡಲಿಲ್ಲ ನೀನು. ನಾನು ಗಂಟೆ ಬಾರಿಸಿ ದೇವರನ್ನ ಕರೀತೀನಿ, ನೀನು ಗೌಡರನ್ನ ಕರಿ," ಎಂದರು.

ಆಟ ಮದ್ದೂರಿನಲ್ಲಿ ಚೆನ್ನಾಗಿ ಓಡಿತು. ಆದರೆ ಹಸಿರು ಹತ್ತಿದ ಮೇಲೂ ಯಾರೂ ಬೆರಳು ತೆಗೆಯುತ್ತಿರಲಿಲ್ಲ. "ಬುಡಣ್ಣ, ನಿಂದು ಆಯ್ತಲ್ಲ" ಎಂದರೆ, "ಇರ್ಲಿ ಬುಡಿ ಮೇಷ್ಟ್ರೆ, ಇನ್ನೊಸಿ ತುಂಬ್ಕಳ್ಳಿ" ಎನ್ನುತ್ತಿದ್ದರು. ಬಲ್ಬಿನಲ್ಲಿ ಏನು ತುಂಬಿಕೊಳ್ಳುತ್ತದೆ! ಆ ಬೆರಳು ನೋಡಿ ನಾನು ಒಂದು ಚಾಳಿ ಕಲಿತೆ. ನಾಲೆಯ ಮೇಲ್ಭಾಗದಲ್ಲಿ ಗದ್ದೆ ಇರುವವರನ್ನು ಹಲಗೆಯ ಕೊನೆಯ ಗದ್ದೆಗೆ ನಿಲ್ಲಿಸುತ್ತಿದ್ದೆ, ಕೊನೆಯವರನ್ನು ಮೇಲಕ್ಕೆ. ಒಂದು ಕ್ಷಣಕ್ಕಾದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಲಿ ಎಂದು.

ಆ ಹೊತ್ತಿಗೆ ನಮ್ಮ ಘಟಕಕ್ಕೆ ಹೊಸ ಸಾಹೇಬರು ಬಂದರು. ಶಿಸ್ತಿನ ಮನುಷ್ಯ, ಪ್ರಾಮಾಣಿಕ, ಆದರೆ ಚಾರ್ಟುಗಳ ಮೇಲೆ ವಿಪರೀತ ಪ್ರೀತಿ. ಬೆನ್ನ ಹಿಂದೆ ನಾವು ಅವರನ್ನು ಚಾರ್ಟ್ ಸಾಹೇಬರು ಎನ್ನುತ್ತಿದ್ದೆವು. ಶೆಡ್ಡಿನಲ್ಲಿ ನನ್ನ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನ್ರೀ ಇದು?"

"ನೀರಿನ ಆಟ ಸಾರ್."

"ಆಟ. ಇದು ಸರ್ಕಾರಿ ಕೆಲಸ ಕಣ್ರೀ, ಆಟದ ಸಾಮಾನಿನ ಅಂಗಡಿ ಅಲ್ಲ. ಆಯುಧಪೂಜೆ ಆದ ಮೇಲೆ ಮಳವಳ್ಳೀಲಿ ಪ್ರದರ್ಶನ ಇದೆಯಲ್ಲ, ನಾನೇ ಬಂದು ನೋಡ್ತೀನಿ. ಏನೂ ಪ್ರಯೋಜನ ಕಾಣಲಿಲ್ಲ ಅಂದ್ರೆ ಬಿಚ್ಚಿ ಸಾಮಾನೆಲ್ಲ ಸ್ಟೋರಿಗೆ ಕೊಟ್ಬಿಡಿ. ನೀವು ಆಫೀಸಿನ ಫ್ಯಾನು, ಲೈಟು ನೋಡ್ಕೊಂಡಿರಿ."

ಅಂದು ಮನೆಗೆ ಬಂದು ಊಟ ಸೇರಲಿಲ್ಲ. ಫ್ಯಾನು ರಿಪೇರಿ ಕೀಳು ಕೆಲಸ ಎಂದಲ್ಲ. ಆದರೆ ಆ ಹಲಗೆ ನನ್ನ ಕೈಯಿಂದ ಹುಟ್ಟಿದ್ದು. ಅದನ್ನು ನನ್ನ ಸ್ಕ್ರೂಡ್ರೈವರಿನಿಂದಲೇ ಬಿಚ್ಚಲು ಮನಸ್ಸು ಒಪ್ಪಲಿಲ್ಲ.

ಆಯುಧಪೂಜೆ ಬಂತು. ವ್ಯಾನು, ಸ್ಪ್ಯಾನರು, ಮೈಕು, ಎಲ್ಲಕ್ಕೂ ಪೂಜೆ. ಪುಟ್ಟಸ್ವಾಮಿಗೆ ಗೊತ್ತಿತ್ತು, ಮಳವಳ್ಳಿಯಲ್ಲಿ ನನ್ನ ಹಲಗೆಗೆ ಪರೀಕ್ಷೆ ಎಂದು. ಅವನು ನನಗಿಂತ ಹೆಚ್ಚು ಶ್ರದ್ಧೆಯಿಂದ ಹಲಗೆಗೆ ಬಾಳೆಕಂದು ಕಟ್ಟಿ, ಹೂವು ಹಾಕಿ, ಗಂಧ, ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದ. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ಮುಗಿಯುವ ತನಕ ಮುಟ್ಟುವಂತಿಲ್ಲ ಎನ್ನುವುದು ನಮ್ಮ ಪದ್ಧತಿ. ಅರ್ಚಕರ ಮಗನಾಗಿ ನಾನು ಅದನ್ನು ಮೀರುವುದು ಹೇಗೆ? ಪರೀಕ್ಷಿಸದೆಯೇ ಅದನ್ನು ವ್ಯಾನಿಗೆ ಏರಿಸಿ ಮೂರನೆಯ ದಿನ ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಪಂಕ್ಚರ್. ಮಳವಳ್ಳಿಯ ಸ್ಕೂಲಿನ ಮೈದಾನ ಮುಟ್ಟುವಷ್ಟರಲ್ಲಿ ಜನ ಸೇರಿದ್ದರು, ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು. ಬ್ಯಾಟರಿ ಜೋಡಿಸಿ ಆಟ ಶುರು ಮಾಡಿದೆ.

ಮುಂದೆ ಬಂದವರಲ್ಲಿ ಇಬ್ಬರು ಒಂದೇ ಊರಿನವರು, ದಾಯಾದಿಗಳು. ಬೋರೇಗೌಡರ ಗದ್ದೆ ನಾಲೆಗೆ ತೀರ ಹತ್ತಿರ, ಮೊದಲ ತೂಬೇ ಅವರದು. ನಿಂಗಮ್ಮನ ಗದ್ದೆ ಅದೇ ಕಾಲುವೆಯ ಕೊನೆಯದು. ಗಂಡ ತೀರಿಕೊಂಡ ಮೇಲೆ ಆಕೆಯೇ ನಿಂತು ಬೇಸಾಯ ಮಾಡಿಸುತ್ತಿದ್ದರು. ನನ್ನ ಚಾಳಿಯಂತೆ ಬೋರೇಗೌಡರನ್ನು ಕೊನೆಯ ಗದ್ದೆಗೆ, ನಿಂಗಮ್ಮನನ್ನು ಮೊದಲ ಗದ್ದೆಗೆ ನಿಲ್ಲಿಸಿದೆ. ನಡುವಿನ ಎರಡಕ್ಕೆ ಬೇರೆ ಊರಿನ ಇಬ್ಬರು. ಜನ ಎಣಿಸಲು ಶುರು ಮಾಡಿದರು.

ನಿಂಗಮ್ಮ ಒತ್ತಿದರು. ಹಸಿರು ಹತ್ತಿತು. ಆಕೆ ಕೂಡಲೇ ಬೆರಳು ತೆಗೆದರು. ಅಷ್ಟು ಬೇಗ ಬೆರಳು ತೆಗೆದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಡುವಿನ ಇಬ್ಬರದೂ ಆಯಿತು. ಈಗ ಬೋರೇಗೌಡರ ಸರದಿ. ಒತ್ತಿದರು. ಬಲ್ಬು ಮಿಣಕ್ ಎನ್ನಲಿಲ್ಲ. ಮತ್ತೆ ಒತ್ತಿದರು. ಕತ್ತಲೆ.

ನನಗೆ ಸಾಹೇಬರ ಕಡೆ ನೋಡುವ ಧೈರ್ಯ ಬರಲಿಲ್ಲ.

"ಯಾರ್ಲಾ ಅದು ಒತ್ಕೊಂಡಿರೋನು? ಕೈ ತಗೀರ್ಲಾ," ಎಂದರು ಬೋರೇಗೌಡರು.

"ಯಾರೂ ಒತ್ಕೊಂಡಿಲ್ಲ ಕಣಣ್ಣ, ನೋಡು," ಎಂದು ನಡುವಿನ ಇಬ್ಬರೂ ಕೈ ಮೇಲೆತ್ತಿದರು. ನಿಂಗಮ್ಮನೂ ಎತ್ತಿದರು.

ಬೋರೇಗೌಡರು ಸ್ವಿಚ್ಚಿನ ಮೇಲೆ ಹೆಬ್ಬೆರಳನ್ನು ಊರಿ ನಿಂತರು. ಜನ ಮೂವತ್ತು ದಾಟಿ ಎಣಿಸುತ್ತಿದ್ದಾರೆ. ಗೌಡರ ಮುಖ ಕೆಂಪಾಯಿತು.

"ಇದ್ಯಾವ ನ್ಯಾಯ್ವಲಾ ಇದು? ಎಲ್ಲಾರ್ ಗದ್ದೇನೂ ತುಂಬ್ತು, ನಾನೊಬ್ಬ ಇಂಗೆ ಒತ್ಕೊಂಡು ನಿಂತಿವ್ನಿ, ನಂಗ್ ಮಾತ್ರ ಒಂದ್ ತೊಟ್ಟೂ ಬರಾಕಿಲ್ಲ ಅಂದ್ರೆ? ನಾನೇನ್ ಪಾಪ ಮಾಡಿವ್ನಿ?"

ಎಣಿಕೆ ಅಲ್ಲಿಗೇ ನಿಂತಿತು. ನಿಂಗಮ್ಮ ಸೆರಗು ಸರಿಮಾಡಿಕೊಂಡು, ಧ್ವನಿ ಏರಿಸದೆ ಹೇಳಿದರು: "ನಾನೂ ಇದೇ ಕೇಳ್ತಿದ್ದೆ ಬಾವ. ವರ್ಸಾ ವರ್ಸಾ ಕೇಳ್ತಿದ್ದೆ. ನಿಮ್ಗೆ ಕೇಳುಸ್ತಿರ್ಲಿಲ್ಲ."

ಬೋರೇಗೌಡರ ಹೆಬ್ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಅವರು ಆರಿದ ಬಲ್ಬನ್ನು ನೋಡುತ್ತಿದ್ದರು.

ನಾನು ಹಲಗೆಯ ಹಿಂದಕ್ಕೆ ಓಡಿ ಬ್ಯಾಟರಿ ನೋಡಿದೆ, ತಂತಿ ಎಳೆದು ನೋಡಿದೆ, ಎಲ್ಲ ಸರಿಯಾಗಿತ್ತು. ಆಮೇಲೆ ಹಿಂದಿನಿಂದಲೇ ಕೊನೆಯ ಸ್ವಿಚ್ಚಿನ ಕೆಳಪಟ್ಟಿಯನ್ನು ಬಗ್ಗಿಸಿ ನೋಡಿದೆ. ಒಳಗೆ ಕಾಸಿನಗಲದ ಕುಂಕುಮದ ಬೊಟ್ಟು, ಕೆಳಗೆ ಗಂಧ, ಒಣಗಿ ಗಾರೆಯ ಹಾಗೆ ಕೂತಿತ್ತು. ಕರೆಂಟು ಎಲ್ಲಿಂದ ದಾಟಬೇಕು? ಪುಟ್ಟಸ್ವಾಮಿಯನ್ನು ನೋಡಿದೆ. ಅವನು ಪಿಸುಗುಟ್ಟಿದ.

"ಬೇರೇವುಕ್ಕೆಲ್ಲಾ ಮ್ಯಾಲ್ಗಡೆ ಇಟ್ಟೆ ಅಯ್ನೋರೆ. ನಮ್ದೂ ಕೊನೇ ಗದ್ದೆ ಅಲ್ವಾ, ಅದುಕ್ಕೆ ಒಸಿ ಒಳೀಕೆ, ದೊಡ್ಡದಾಗಿ ಇಟ್ಟೆ. ಅದೇ ಗೆಲ್ಲಿ ಅಂತ."

ಅವನ ಅಪ್ಪನ ಗದ್ದೆಯೂ ಕೊನೆಯದು ಎಂದು ನನಗೆ ಅಂದೇ ಗೊತ್ತಾದದ್ದು. ಪಂಚೆಯ ಚುಂಗಿನಿಂದ ಬೊಟ್ಟನ್ನು ಉಜ್ಜಿ ತೆಗೆದೆ. ಅತ್ತ ಬೋರೇಗೌಡರು ಇನ್ನೂ ಬೆರಳು ತೆಗೆದಿರಲಿಲ್ಲ. ಪಟ್ಟಿ ಬಿಟ್ಟದ್ದೇ ತಡ, ಕೊನೆಯ ಗದ್ದೆಯ ಬಿಳಿ ಬಲ್ಬು ಪೂರ್ತಿ ಉರಿಯಿತು, ರಿಲೇ ಟಕ್ಕೆಂದಿತು, ಹಸಿರು ಹತ್ತಿ ಗಂಟೆ ಹೊಡೆಯಿತು. ಜನ ಹೋ ಎಂದರು. ಗೌಡರು ಬೆರಳು ತೆಗೆದು, ತಲೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಬಾರಮ್ಮಿ, ಒಂದ್ ಕಾಪಿ ಕುಡ್ಕೊಂಡ್ ಓಗನ," ಎಂದು ನಿಂಗಮ್ಮನನ್ನು ಕರೆದರು. ಆಕೆ ಹೋದರು.

ಸಾಹೇಬರು ನನ್ನ ಬಳಿ ಬಂದರು. "ನಡುವೆ ಕೆಟ್ಟಿತ್ತಲ್ವಾ?"

"ಹೌದು ಸಾರ್. ಸ್ವಿಚ್ಚಿಗೆ ಕುಂಕುಮ ಸೇರಿತ್ತು." ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ, ಬೆರಳೆಲ್ಲ ಕೆಂಪಾಗಿತ್ತು.

ಅವರು ಹಲಗೆಯ ಹಿಂದಕ್ಕೆ ಬಗ್ಗಿ ನೋಡಿದರು. ಇನ್ನು ಬಿಚ್ಚು ಎನ್ನುತ್ತಾರೆ ಎಂದು ಕಾದು ನಿಂತಿದ್ದೆ. ಅವರು ಕೇಳಿದ್ದೇ ಬೇರೆ.

"ಹಾಗೆ ಕೆಡೋದನ್ನ ನಮಗೆ ಬೇಕಾದಾಗ ಮಾಡೋಕಾಗುತ್ತೇನ್ರೀ? ಹಿಂದುಗಡೆ ಒಂದು ಸ್ವಿಚ್ಚು ಇಟ್ಟು?"

ಆ ಕ್ಷಣದಲ್ಲಿ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು. ಮುಂದಿನ ವಾರವೇ ಹಲಗೆಯ ಹಿಂದೆ, ಯಾರಿಗೂ ಕಾಣದಂತೆ, ಒಂದು ಸ್ವಿಚ್ಚು ಕೂರಿಸಿದೆ. ಅದನ್ನು ಆರಿಸಿದರೆ ಕೊನೆಯ ಗದ್ದೆಗೆ ಏನು ಮಾಡಿದರೂ ನೀರಿಲ್ಲ. ಅದಕ್ಕೆ ನಾವಿಟ್ಟ ಹೆಸರು ಕುಂಕುಮದ ಸ್ವಿಚ್ಚು. ಸಾಹೇಬರು ಪ್ರದರ್ಶನಗಳಲ್ಲಿ ಅದರ ಪಕ್ಕ ತಾವೇ ನಿಲ್ಲತೊಡಗಿದರು. ಮೇಲಿನ ಗದ್ದೆಯವರು ಕೊನೆಯಲ್ಲಿ ನಿಂತು ಕೂಗಾಡುವವರೆಗೂ ಆರಿಸಿಟ್ಟಿದ್ದು, ನನಗೆ ಕಣ್ಣು ಹೊಡೆದು ಹಾಕುತ್ತಿದ್ದರು. ಚಾರ್ಟುಗಳು ವ್ಯಾನಿನ ಮೂಲೆ ಸೇರಿದವು.

ಆಮೇಲೆ ಸ್ಲೈಡು ಬಂತು, ಟೇಪ್ ರೆಕಾರ್ಡರ್ ಬಂತು, ಟಿ.ವಿ. ಬಂತು. ಜನ ಮತ್ತೆ ಕೈಕಟ್ಟಿ ಕೂತು ನೋಡುವವರಾದರು. ಈಗ ನೀವು ಮತ್ತೆ ಅವರ ಬೆರಳಿಗೆ ಕೆಲಸ ಕೊಡುತ್ತಿದ್ದೀರಿ ಎಂದು ಕೇಳಿ ನನಗೆ ಖುಷಿ. ನಿಮ್ಮ ಯಂತ್ರ ಕೆಟ್ಟರೆ ಓಡಿಹೋಗಿ ಸರಿಮಾಡುವ ಮೊದಲು ಅರೆಕ್ಷಣ ಮುಂದೆ ನಿಂತವರ ಮುಖ ನೋಡಿ. ಇದು ನನ್ನ ಎರಡನೆಯ ಮಾತು, ಮೂರನೆಯದು ಇಲ್ಲ.

ಆದರೆ ಮಳವಳ್ಳಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವರ್ಷ, ನಾಲೆಗೆ ನೀರು ಬಿಟ್ಟಿದ್ದ ದಿನಗಳಲ್ಲಿ, ನಾವು ಆ ಕಡೆಯ ದಾರಿಯಲ್ಲಿ ಬರುತ್ತಿದ್ದೆವು. ವ್ಯಾನಿನ ಎಂಜಿನ್ ಕಾದು, ಪುಟ್ಟಸ್ವಾಮಿ ಕಾಲುವೆಯಿಂದ ನೀರು ತರಲು ಇಳಿದ. ಆಗ ಗದ್ದೆ ಬಯಲಿನ ಆ ತುದಿಯಿಂದ ಠಣ್ ಠಣ್ ಎಂದು ಕಬ್ಬಿಣದ ಸದ್ದು ಕೇಳಿತು. ದೂರದಲ್ಲಿ ಮರಕ್ಕೆ ಕಟ್ಟಿದ ಕಂಬಿಯ ತುಂಡನ್ನು ಯಾರೋ ಹೆಂಗಸು ಹೊಡೆಯುತ್ತಿದ್ದರು. ಸದ್ದು ಕೇಳಿದ್ದೇ ಏರಿಯ ಮೇಲೆ ಕೂತಿದ್ದ ನೀರುಗಂಟಿ ಎದ್ದು ಮೊದಲ ತೂಬು ಎತ್ತಿದ.

"ಅದೇನಪ್ಪ ಆ ಸದ್ದು?" ಎಂದು ಕೇಳಿದೆ.

"ಕೊನೇ ಗದ್ದೆ ತುಂಬ್ತು ಅಂತ ನಿಂಗಮ್ಮಕ್ಕ ವಡೀತವ್ರೆ. ಅದು ಕೇಳುಸ್ದ್ ಮ್ಯಾಲೇ ಇಲ್ಲಿ ತೂಬ್ ಎತ್ತದು. ವೋದ್ವರ್ಸದಿಂದ ಇಂಗೇ ಕಟ್ಲೆ ಮಾಡ್ಕಂಡವ್ರೆ."

"ಯಾರು ಮಾಡಿದ್ದು ಈ ಕಟ್ಟಳೆ?"

"ಬೋರೇಗೌಡ್ರು. ಅದ್ಯಾರೋ ಬಲ್ಬಿನ ಮೇಷ್ಟ್ರು ಅಂತೆ, ಮಳವಳ್ಳೀಲಿ ಅದೇನೋ ಆಟ ಆಡ್ಸಿದ್ರಂತೆ. ನಾ ನೋಡಿಲ್ಲ ಬುಡಿ."

ಪುಟ್ಟಸ್ವಾಮಿ ಬಕೆಟ್ ಹಿಡಿದವನು ಬಾಯಿ ತೆರೆದ. ನಾನು ಅವನ ತೋಳು ಹಿಡಿದು ಸುಮ್ಮನಿರಿಸಿದೆ. ನನ್ನ ಹಲಗೆ, ನನ್ನ ಬಲ್ಬು, ನನ್ನ ರಿಲೇ ಯಾವುದೂ ಇಲ್ಲದೆ ಆಟ ಅಲ್ಲಿ ತಾನೇ ನಡೆಯುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಹೆಮ್ಮೆ ನನಗೆ ಬೇರೆ ಯಾವತ್ತೂ ಆಗಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ದೇವಸ್ಥಾನಕ್ಕೆ ಹೊರಟಿದ್ದವರು ಬಾಗಿಲಲ್ಲೇ ನಿಂತರು.

"ಯಾವಾಗ ಬಾರಿಸ್ತಾರೆ ಅಂದೆ?"

"ಕೊನೆಯ ಗದ್ದೆ ತುಂಬಿದಾಗ."

"ಅದಕ್ಕೆ ಮುಂಚೆ ಮೊದಲನೆಯವನು ಮುಟ್ಟೋ ಹಾಗಿಲ್ಲ, ಪ್ರಸಾದದ ಹಾಗೆ?"

"ಇಲ್ಲ."

ಅಪ್ಪ ಹೆಗಲ ವಸ್ತ್ರ ಸರಿಮಾಡಿಕೊಂಡು ಮೆಟ್ಟಿಲಿಳಿದರು. ಎರಡು ಹೆಜ್ಜೆ ಹೋಗಿ ತಿರುಗಿ, "ಹಾಗಾದ್ರೆ ಅದು ಕಂಬಿ ಅಲ್ಲ ಕಣೋ. ಮಹಾಮಂಗಳಾರತಿ ಗಂಟೆ," ಎಂದರು.